ಸೂತಿಕಾಗೃಹವೂ ಜನಪದೋದ್ಧ್ವಂಸವೂ: ರಾಯಚೂರು ಸೀಮೆಯ ಎರಡು ಮಹಾಮಾರಿಗಳು

ವಾಯು, ಉದಕ, ದೇಶ, ಕಾಲ ಇವು ನಾಲ್ಕೂ ಕೆಟ್ಟು ಊರಿಗೆ ಊರೇ ಒಮ್ಮೆಗೆ ನಾಶವಾಗುವ ಜನಪದೋದ್ಧ್ವಂಸದ ವಿಚಾರವು ಚರಕಸಂಹಿತೆಯ ವಿಮಾನಸ್ಥಾನದ ಮೂರನೆಯ ಅಧ್ಯಾಯದಲ್ಲಿದೆ. ಒಂಬತ್ತನೆಯ ತಿಂಗಳಿಗೆ ಮೊದಲೇ ಸೂತಿಕಾಗಾರವನ್ನು ಕಟ್ಟಿಸಿ, ಹಲವು ಸಲ ಹೆತ್ತು ಅನುಭವವುಳ್ಳ ಸ್ತ್ರೀಯರನ್ನು ಗರ್ಭಿಣಿಯ ಬಳಿಯಲ್ಲಿರಿಸತಕ್ಕದ್ದೆಂಬ ವಿಧಿಯು ಶಾರೀರಸ್ಥಾನದ ಎಂಟನೆಯ ಅಧ್ಯಾಯದಲ್ಲಿದೆ. ಶಾಸ್ತ್ರದಲ್ಲಿ ಈ ಎರಡು ಪ್ರಕರಣಗಳು ದೂರದೂರವಾಗಿವೆ. ಕೃಷ್ಣಾ ತುಂಗಭದ್ರೆಗಳ ನಡುವಣ ರಾಯಚೂರು ಸೀಮೆಯಲ್ಲಾದರೋ ಅವು 1918ರಲ್ಲಿ ಒಮ್ಮೆ, 2020-21ರಲ್ಲಿ ಮತ್ತೊಮ್ಮೆ ಒಂದೇ ಮನೆಯ ಬಾಗಿಲಿನಲ್ಲಿ ಕೂಡಿದವು.

1918ರ ಜೂನಿನಲ್ಲಿ ಮುಂಬಯಿಯನ್ನು ಮುಟ್ಟಿದ ಇನ್‌ಫ್ಲುಯೆಂಜಾ ಜ್ವರವು ಸೆಪ್ಟೆಂಬರಿನಿಂದ ಘೋರರೂಪವನ್ನು ತಾಳಿ ರೈಲುದಾರಿಗಳನ್ನು ಹಿಡಿದು ದೇಶವೆಲ್ಲ ಹಬ್ಬಿತು. ಮುಂಬಯಿಯ ರೈಲೂ ಮದರಾಸಿನ ರೈಲೂ 1871ರಿಂದ ಸಂಧಿಸುತ್ತಿದ್ದ ರಾಯಚೂರು ಆಗ ನಿಜಾಮರ ಸಂಸ್ಥಾನಕ್ಕೆ ಸೇರಿದ್ದಿತು. ಆ ವರ್ಷ ಮಳೆಯೂ ಕೈಕೊಟ್ಟಿದ್ದಿತು. ಹೈದರಾಬಾದು ಸಂಸ್ಥಾನದ ಜನಸಂಖ್ಯೆಯು 1911ರಲ್ಲಿ 1,33,74,676 ಇದ್ದುದು 1921ರಲ್ಲಿ 1,24,71,770ಕ್ಕೆ ಇಳಿಯಿತು. ಈ ಜ್ವರವು ಮುದುಕರನ್ನೂ ಶಿಶುಗಳನ್ನೂ ಆರಿಸಿಕೊಳ್ಳುವ ಸಾಮಾನ್ಯ ವ್ಯಾಧಿಗಳಂತಿರಲಿಲ್ಲ. ಇಪ್ಪತ್ತರಿಂದ ನಲವತ್ತು ವರ್ಷದವರನ್ನು, ಅವರಲ್ಲಿಯೂ ಸ್ತ್ರೀಯರನ್ನು, ಹೆಚ್ಚಾಗಿ ಕೊಂದಿತು. ಗರ್ಭಿಣಿಯರಿಗೆ ಅದು ಪ್ರಾಯಶಃ ಮಾರಕವೇ ಆಗಿತ್ತೆಂದು 1921ರ ಭಾರತದ ಜನಗಣತಿಯ ವರದಿಯು ಹೇಳುತ್ತದೆ. ಅಮೆರಿಕೆಯಲ್ಲಿ 1919ರಲ್ಲಿ ಪ್ರಕಟವಾದ ಹ್ಯಾರಿಸ್ ಎಂಬ ವೈದ್ಯನ ಪರಿಶೀಲನೆಯಲ್ಲಿಯೂ ಜ್ವರಪೀಡಿತರಾದ 1,350 ಗರ್ಭಿಣಿಯರಲ್ಲಿ ನೂರಕ್ಕೆ 27 ಮಂದಿ ತೀರಿಕೊಂಡರೆಂದು ಕಾಣುವುದು.

ಆಗಿನ ಹಳ್ಳಿಯ ಆಶ್ರಯವೆಂದರೆ ಸೂಲಗಿತ್ತಿ. (ಸೂಲು ಎಂದರೆ ಹೆರಿಗೆ, ಒಕ್ಕಲಗಿತ್ತಿ, ಹೂವಾಡಗಿತ್ತಿ ಎಂಬಲ್ಲಿಯ ಗಿತ್ತಿಯೇ ಇಲ್ಲಿಯದೂ.) ಆಕೆಗೆ ಸೋಂಕಿನ ಜ್ಞಾನವಿರಲಿಲ್ಲ, ರಕ್ತಸ್ರಾವವನ್ನು ತಡೆಯುವ ಔಷಧವಿರಲಿಲ್ಲ, ಆದರೆ ಆಕೆಯು ಇದ್ದುದು ಅದೇ ಬೀದಿಯಲ್ಲಿ. 1885ರಲ್ಲಿ ಸ್ಥಾಪಿತವಾದ ಡಫರಿನ್ ನಿಧಿಯಂಥ ಪ್ರಯತ್ನಗಳು ದೊಡ್ಡ ಪಟ್ಟಣಗಳ ಸ್ತ್ರೀಯರಿಗೆ ಒದಗಿದಷ್ಟು ಹಳ್ಳಿಯವರಿಗೆ ಒದಗಲಿಲ್ಲ. ಆದುದರಿಂದ 1918ರಲ್ಲಿ ಕೊಂದದ್ದು ಮುಖ್ಯವಾಗಿ ವ್ಯಾಧಿಯೇ. ಕಡಿದುಹೋಗುವುದಕ್ಕೆ ಆಸ್ಪತ್ರೆಯ ದಾರಿಯೆಂಬುದು ಆಗ ಇರಲೇ ಇಲ್ಲ.

ನೂರು ವರ್ಷಗಳಲ್ಲಿ ಸೂತಿಕಾಗೃಹವು ಮನೆಯ ಒಳಕೋಣೆಯಿಂದ ಹೊರಟು ತಾಲ್ಲೂಕು ಆಸ್ಪತ್ರೆಗೂ ಅಲ್ಲಿಂದ ಜಿಲ್ಲೆಯ ಪಟ್ಟಣಕ್ಕೂ ಹೋಯಿತು. 2005ರ ಜನನಿ ಸುರಕ್ಷಾ ಯೋಜನೆ, 2008ರ 108 ಆಂಬುಲೆನ್ಸ್, ಮನೆಮನೆಗೆ ಬರುವ ಆಶಾ ಕಾರ್ಯಕರ್ತೆ, ಇವುಗಳಿಂದ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ವೇಳೆಗೆ ಕರ್ನಾಟಕದ ಹೆರಿಗೆಗಳಲ್ಲಿ ನೂರಕ್ಕೆ 97 ಆಸ್ಪತ್ರೆಗಳಲ್ಲಿಯೇ ನಡೆಯುತ್ತಿದ್ದವು. ಇದು ಮಹತ್ತಾದ ಲಾಭವೆಂಬುದರಲ್ಲಿ ಸಂಶಯವಿಲ್ಲ. ಆದರೆ ಕಠಿನವಾದ ಹೆರಿಗೆಗೆ ದೇವದುರ್ಗದವಳು ಸುಮಾರು ಐವತ್ತೈದು ಕಿಲೋಮೀಟರು, ಜಗನ್ನಾಥದಾಸರ ಮಾನವಿಯವಳು ಸುಮಾರು ನಲವತ್ತೈದು ಕಿಲೋಮೀಟರು ಕ್ರಮಿಸಿ ರಾಯಚೂರನ್ನು ಸೇರಬೇಕಾಯಿತು. ಪ್ರಾಣವು ದಾರಿಗೆ ಅಧೀನವಾಯಿತು.

2020ರ ಮಾರ್ಚ್ 25ರಿಂದ ಆ ದಾರಿಯು ಮುಚ್ಚಿತು. ಮೇ 19ರ ವರೆಗೆ ಸರಕಾರಿ ಬಸ್ಸುಗಳು ಓಡಲಿಲ್ಲ. ರಾಯಚೂರಿನ ಓಪೆಕ್ ಆಸ್ಪತ್ರೆಯು ಕೋವಿಡ್ ರೋಗಿಗಳಿಗೆ ಮೀಸಲಾಯಿತು. ಬೆಂಗಳೂರು, ಪುಣೆಗಳಿಗೆ ಗುಳೆ ಹೋಗಿದ್ದ ಕೂಲಿಯ ಕುಟುಂಬಗಳು ತಿರುಗಿ ಬಂದವು. ಗರ್ಭಿಣಿಯ ಪರೀಕ್ಷೆಗೂ ಸೋಂಕಿನ ಸಮೀಕ್ಷೆಗೂ ಆಶಾ ಒಬ್ಬಳೇ ಆದಳು. ಜುಲೈಯಲ್ಲಿ ಆಕೆಯ ಸಂಗಡಿಗರು ಹನ್ನೆರಡು ಸಾವಿರ ರೂಪಾಯಿಗಳ ಗೌರವಧನವನ್ನು ಕೇಳಿ ರಾಜ್ಯದಾದ್ಯಂತ ಮುಷ್ಕರ ಹೂಡಿದುದರಲ್ಲಿ ಆಶ್ಚರ್ಯವೇನು? ಹೆರಿಗೆಯ ಸೇವೆಯು ಅತ್ಯಗತ್ಯವಾದುದು, ನಿಲ್ಲಿಸಕೂಡದು ಎಂದು ಕೇಂದ್ರ ಸರಕಾರವು ಏಪ್ರಿಲಿನಲ್ಲಿಯೇ ಸೂಚಿಸಿದ್ದಿತು. ಸೂಚನೆಗೆ ಗಾಲಿಗಳಿರುವುದಿಲ್ಲ.

1918ರಂತೆ ಇಲ್ಲಿಯೂ ಎರಡನೆಯ ಅಲೆಯೇ ಕ್ರೂರವಾದುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ದಾಖಲೆಯಂತೆ ಸೋಂಕಿತರಾದ ಗರ್ಭಿಣಿ ಬಾಣಂತಿಯರಲ್ಲಿ ಮರಣವು ಮೊದಲ ಅಲೆಯಲ್ಲಿ ನೂರಕ್ಕೆ 0.7, ಎರಡನೆಯದರಲ್ಲಿ 5.7. ಗರ್ಭಿಣಿಯರಿಗೆ ಲಸಿಕೆಯ ಅನುಮತಿಯು ದೊರೆತದ್ದು 2021ರ ಜುಲೈ 2ರಂದು; ಅಷ್ಟರಲ್ಲಿ ಆ ಅಲೆಯು ಇಳಿದಿದ್ದಿತು.

ಇಷ್ಟಾದರೂ ಕರ್ನಾಟಕದ ಮಾತೃಮರಣದ ಪ್ರಮಾಣವು ಲಕ್ಷ ಜನನಗಳಿಗೆ 2017-19ರಲ್ಲಿ 83, 2018-20ರಲ್ಲಿ 69, 2019-21ರಲ್ಲಿ 63 ಎಂದು ಇಳಿದೇ ಬಂದಿದೆ. ಇದನ್ನು ಕಂಡು ಮಹಾಮಾರಿಯು ತಾಯಂದಿರನ್ನು ಬಾಧಿಸಲಿಲ್ಲವೆನ್ನುವುದು ಅವಿಚಾರ. ಇವು ಮೂರು ಮೂರು ವರ್ಷಗಳನ್ನು ಕೂಡಿಸಿ ರಾಜ್ಯಕ್ಕೆಲ್ಲ ಒಂದಾಗಿ ತೆಗೆದ ಸರಾಸರಿಗಳು. ತಾಲ್ಲೂಕಿನ ಮಾತು ಅವುಗಳಲ್ಲಿಲ್ಲ. ಹದಿನೇಳು ದೇಶಗಳ ನಲವತ್ತು ಅಧ್ಯಯನಗಳನ್ನು ಕೂಡಿಸಿ 2021ರಲ್ಲಿ ಪ್ರಕಟಿಸಿದ ವಿಮರ್ಶೆಯು ಮಹಾಮಾರಿಯ ಕಾಲದಲ್ಲಿ ತಾಯಂದಿರ ಮರಣವೂ ಸತ್ತುಹುಟ್ಟುವ ಶಿಶುಗಳೂ ಹೆಚ್ಚಿದುದನ್ನು ತೋರಿಸಿದೆ. ಒಂದೊಂದು ಮಾತೃಮರಣಕ್ಕೂ ನಡೆಯತಕ್ಕ ವಿಚಾರಣೆಯಲ್ಲಿ ಮನೆಯಲ್ಲಿ ನಿಶ್ಚಯಿಸಲು ಆದ ತಡ, ದಾರಿಯಲ್ಲಿ ಆದ ತಡ, ಆಸ್ಪತ್ರೆಯಲ್ಲಿ ಆದ ತಡ ಎಂಬ ಮೂರನ್ನು ಬೇರೆಬೇರೆಯಾಗಿ ಕೇಳುವ ಪದ್ಧತಿಯುಂಟು. ದೇವದುರ್ಗ ಮಾನವಿಗಳ ಆ ಎರಡು ವರ್ಷಗಳನ್ನು ಬರೆಯಹೊರಡುವವರು ಮೊದಲು ನೋಡಬೇಕಾದುದು ಆ ಪತ್ರಗಳನ್ನು, ಅವುಗಳಲ್ಲಿಯೂ ಎರಡನೆಯ ಪ್ರಶ್ನೆಯ ಉತ್ತರವನ್ನು.