ಹುಣಸೂರಿನ ಪ್ರತಿನಿಧಿ

ದೇವರಾಜ ಅರಸರನ್ನು ಮುಖ್ಯಮಂತ್ರಿಯೆಂದು ನೆನೆಯುವವರು ಬಹಳ; ಅದಕ್ಕೂ ಹಿಂದಿನ ಮೂವತ್ತು ವರ್ಷಗಳನ್ನು ನೆನೆಯುವವರು ಕಡಮೆ. ಅವರಿಗೆ ಬೆಲೆ ಕಟ್ಟುವಾಗ ನಾನು ಮೊದಲು ನೋಡುವುದು ಆ ವರ್ಷಗಳನ್ನೇ.

ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಗೆ ಮರಳಿ ಬೇಸಾಯ ಹಿಡಿದವರು ಅರಸರು. 1941ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆಗೆ ಆಯ್ಕೆಯಾದರು. 1952ರಿಂದ 1967ರವರೆಗಿನ ನಾಲ್ಕು ಚುನಾವಣೆಗಳಲ್ಲಿಯೂ ಹುಣಸೂರು ಅವರನ್ನೇ ವಿಧಾನಸಭೆಗೆ ಕಳುಹಿಸಿತು. ಗೇಣಿಯ ಒಪ್ಪಂದ ಬಾಯಿಮಾತಿನಲ್ಲೇ ಮುಗಿಯುತ್ತದೆ, ಉಳುವವನ ಕೈಯಲ್ಲಿ ಕಾಗದವಿರುವುದಿಲ್ಲ ಎಂಬುದನ್ನು ಇಂಥವರು ಕಡತ ನೋಡಿ ತಿಳಿಯಬೇಕಾಗಿರಲಿಲ್ಲ.

1972ರಲ್ಲಿ ಅವರು ಮುಖ್ಯಮಂತ್ರಿಯಾದರು. ತಿದ್ದುಪಡಿಗೊಂಡ ಭೂಸುಧಾರಣಾ ಶಾಸನ 1974ರ ಮಾರ್ಚ್ 1ರಂದು ಜಾರಿಗೆ ಬಂದಿತು. ಗೇಣಿಯ ಭೂಮಿ ಸರ್ಕಾರಕ್ಕೆ ಸೇರಿತು. ಅದನ್ನು ಉಳುತ್ತಿದ್ದವನು ಅರ್ಜಿ ಹಾಕಿ ಹಕ್ಕು ಪಡೆಯಬಹುದಾಯಿತು. ತಕರಾರು ತೀರ್ಮಾನಿಸಲು ಭೂನ್ಯಾಯಮಂಡಳಿಗಳು ಏರ್ಪಟ್ಟವು. ಅಲ್ಲಿ ವಕೀಲರು ವಾದಿಸುವಂತಿರಲಿಲ್ಲ. ಈ ಒಂದು ನಿಯಮದಲ್ಲೇ ಹಳ್ಳಿಯನ್ನು ಬಲ್ಲವನ ಕೈ ನನಗೆ ಕಾಣುತ್ತದೆ. ಧಣಿಗೆ ವಕೀಲನಿದ್ದು ಒಕ್ಕಲಿಗೆ ಇಲ್ಲದಿದ್ದರೆ, ಕಾನೂನು ಎಷ್ಟು ಒಳ್ಳೆಯದಾದರೇನು?

ಅರಸರ ಆಳಿಕೆಗೆ ಕಳಂಕವಿರಲಿಲ್ಲವೆಂದಲ್ಲ. ತುರ್ತುಪರಿಸ್ಥಿತಿಯ ದಿನಗಳಲ್ಲಿ ಅವರದೇ ಸರ್ಕಾರವಿತ್ತು. 1977ರಲ್ಲಿ ಅವರ ಮೇಲಣ ಆರೋಪಗಳ ವಿಚಾರಣೆಗೆ ಆಯೋಗವೂ ನೇಮಕವಾಯಿತು. ನೆಲವೇ ಇಲ್ಲದ ಕೂಲಿಯವನಿಗೆ ಈ ಸುಧಾರಣೆಯಿಂದ ದೊರೆತದ್ದು ಸ್ವಲ್ಪ. 1980ರ ಜನವರಿಯಲ್ಲಿ ಅಧಿಕಾರ ಹೋಯಿತು. 1982ರಲ್ಲಿ ಅವರು ತೀರಿಕೊಂಡರು.

ಎಷ್ಟು ಬಾರಿ ಗೆದ್ದರೆಂಬ ಲೆಕ್ಕದಿಂದ ಶಾಸಕನ ಹಿರಿಮೆ ತಿಳಿಯದು. ಆರಿಸಿದವರಿಂದ ಆತ ಏನು ಕಲಿತ, ಕಲಿತದ್ದನ್ನು ಶಾಸನದಲ್ಲಿ ಎಷ್ಟು ಬರೆಸಿದ ಎಂಬುದೇ ಅದರ ಅಳತೆ.