ಕೋಟೆಗಳ ಸಾಲಿನಿಂದ ಭೂಪಟದ ಕೈಪಿಡಿಗೆ: ಸಿಂಹಾಚಲಂ ಶಾಸನ ಮತ್ತು ಕಾವಲಿ ರಾಮಸ್ವಾಮಿ

ಸಿಂಹಾಚಲಂನ ವರಾಹ ಲಕ್ಷ್ಮೀನರಸಿಂಹ ದೇವಾಲಯದಲ್ಲಿ ವಿಜಯನಗರದ ಕೃಷ್ಣದೇವರಾಯನ ಶಕ 1438ರ (ಕ್ರಿ.ಶ. 1516) ತೆಲುಗು ಶಾಸನವೊಂದಿದೆ. ರಾಯನೂ ರಾಣಿಯರಾದ ಚಿನ್ನಾದೇವಿ, ತಿರುಮಲಾದೇವಿಯರೂ ದೇವರಿಗೆ ಒಡವೆಗಳನ್ನು ಒಪ್ಪಿಸಿದ ಸಂಗತಿ ಅದರಲ್ಲಿದೆ. ಕಳಿಂಗ ದಂಡಯಾತ್ರೆಯ ಕಾಲನಿರ್ಣಯಕ್ಕೆ ಇದು ಮುಖ್ಯ ಆಕರವೆಂಬುದು ಎಲ್ಲರಿಗೂ ಗೊತ್ತು. ನನ್ನ ಆಸಕ್ತಿ ಇರುವುದು ದಾನದ ಮಾತಿಗೆ ಮುನ್ನ ಬರುವ ಕೋಟೆಗಳ ಸಾಲಿನಲ್ಲಿ. ಮೊದಲು ನೆಲ್ಲೂರು ಸೀಮೆಯ ಉದಯಗಿರಿ, ಆಮೇಲೆ ಅದ್ದಂಕಿ, ವಿನುಕೊಂಡ, ಬೆಲ್ಲಂಕೊಂಡ, ನಾಗಾರ್ಜುನಕೊಂಡ, 1515ರಲ್ಲಿ ಕೈವಶವಾದ ಕೊಂಡವೀಡು, ಕೃಷ್ಣೆಯನ್ನು ದಾಟಿದ ಮೇಲೆ, ಇಂದಿನ ವಿಜಯವಾಡಕ್ಕೆ ಹತ್ತಿರದ ಕೊಂಡಪಲ್ಲಿ, ಕಡೆಗೆ ಸಿಂಹಾದ್ರಿ, ಅಂದರೆ ಸಿಂಹಾಚಲಂ. ಹೆಸರುಗಳು ಒಟ್ಟಾರೆ ತೆಂಕಣದಿಂದ ಬಡಗಣಕ್ಕೆ, ದಂಡು ನಡೆದ ಕ್ರಮದಲ್ಲೇ ನಿಂತಿವೆ. ಇದನ್ನು ಬಿರುದಾವಳಿಯ ಭಾಗವೆಂದು ದಾಟಿಹೋಗುವುದು ಸರಿಯಲ್ಲ. ಇದು ಭೂಗೋಳ ಬರವಣಿಗೆಯ ಒಂದು ಬಗೆ. ಆದರೆ ಇದರಲ್ಲಿ ದೂರದ ಲೆಕ್ಕವಿಲ್ಲ, ದಿಕ್ಕಿನ ಸೂಚನೆಯಿಲ್ಲ. ದಾರಿ ಬಲ್ಲವನಿಗೆ ಮಾತ್ರ ಈ ಸಾಲು ದೇಶವಾಗಿ ಕಾಣುತ್ತದೆ.

ಹೀಗೆ ಬಾಯಲ್ಲಿ, ಕಲ್ಲಿನಲ್ಲಿ, ಕಡತದಲ್ಲಿ ಇದ್ದ ಸ್ಥಳಜ್ಞಾನ ಅಚ್ಚಾದ ಭೂಪಟದ ಜೊತೆ ಸೇರಿದ್ದು ಎಲ್ಲಿ, ಯಾರ ಕೈಯಿಂದ? ನಮ್ಮಲ್ಲಿ ಭೂಗೋಳ ಪುಸ್ತಕಗಳ ಚರಿತ್ರೆಯನ್ನು ಶಾಲಾ ಪಠ್ಯಗಳಿಂದ ಶುರುಮಾಡುವ ರೂಢಿಯಿದೆ. ಅದಕ್ಕೂ ಹಿಂದಿನ ಒಂದು ಕೊಂಡಿ ಮೈಸೂರು ಸೀಮೆಯಲ್ಲೇ ಇದೆ.

ಟಿಪ್ಪುವಿನ ಪತನದ ನಂತರ, 1800ರ ಸುಮಾರಿನಿಂದ 1809ರವರೆಗೆ, ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಕಾಲಿನ್ ಮೆಕೆಂಜಿ ಮೈಸೂರಿನ ಸರ್ವೆ ನಡೆಸಿದ. ಅಳೆದ ನೆಲ ಸುಮಾರು 40,000 ಚದರ ಮೈಲಿ. ಸರಪಳಿ, ಥಿಯೋಡೊಲೈಟುಗಳ ಜೊತೆಗೆ ಅವನ ತಂಡ ಊರೂರಿನ ಶಾಸನ, ವಂಶಾವಳಿ, ಸ್ಥಳಪುರಾಣಗಳನ್ನೂ ಕೂಡಿಹಾಕಿತು. ಕನ್ನಡದ ಕೈಫಿಯತ್ತುಗಳು, ಅಂದರೆ ಊರುಗಳ ಚರಿತ್ರೆ ಹೇಳುವ ಬರಹಗಳು, ನಮಗೆ ಉಳಿದು ಬಂದದ್ದು ಈ ಸಂಗ್ರಹದಿಂದ. ಮುಂದೆ ‘ರಾಜಾವಳಿ ಕಥೆ’ ಬರೆದ ಕನಕಗಿರಿಯ ದೇವಚಂದ್ರನಿಗೂ 1804ರಲ್ಲಿ ಮೆಕೆಂಜಿಯ ಭೇಟಿಯಾಗಿತ್ತು. ಈ ಕೆಲಸದ ಬೆನ್ನೆಲುಬಾಗಿದ್ದವರು ವಿಜಯವಾಡದ ಆಚೆಯ ಏಲೂರಿನಿಂದ ಬಂದ ಕಾವಲಿ ಸೋದರರು. ಅವರಲ್ಲಿ ಬೋರಯ್ಯ 1803ರಲ್ಲಿ, ಇನ್ನೂ ಮೂವತ್ತು ತುಂಬುವ ಮೊದಲೇ ತೀರಿಕೊಂಡ. ಜೈನರನ್ನು ಕುರಿತು ಅವನು ಅನುವಾದಿಸಿಕೊಟ್ಟ ವಿವರಣೆ ‘ಏಷಿಯಾಟಿಕ್ ರಿಸರ್ಚಸ್’ನ 9ನೆಯ ಸಂಪುಟದಲ್ಲಿ ಅವನ ಹೆಸರಿನಲ್ಲೇ ಅಚ್ಚಾಯಿತು. ಅಣ್ಣನ ಜಾಗವನ್ನು ಲಕ್ಷ್ಮಯ್ಯ ತುಂಬಿದ.

ಇವರ ತಮ್ಮನಾದ ವೆಂಕಟ ರಾಮಸ್ವಾಮಿಯ ಹೆಸರು ‘ದಖ್ಖನ್ ಕವಿಗಳ ಚರಿತ್ರೆ’ (1829) ಎಂಬ ಇಂಗ್ಲಿಷ್ ಗ್ರಂಥದಿಂದಾಗಿ ಸಾಹಿತ್ಯ ಚರಿತ್ರೆಕಾರರಿಗೆ ಪರಿಚಿತ. ಅದಕ್ಕಿಂತ ಒಂದು ವರ್ಷ ಮುಂಚೆ, 1828ರಲ್ಲಿ, ಅವನು ಕಲ್ಕತ್ತೆಯಲ್ಲಿ ಇನ್ನೊಂದು ಪುಸ್ತಕ ಹೊರತಂದಿದ್ದ: ದಖ್ಖನಿನ ನಗರಗಳು ಮತ್ತು ಸ್ಥಳಗಳ ವರ್ಣನೆ ಹಾಗೂ ಚರಿತ್ರೆ. ಆರಂಭದಲ್ಲಿ ದಕ್ಷಿಣ ಪರ್ಯಾಯ ದ್ವೀಪದ ಸಂಕ್ಷಿಪ್ತ ವಿವರಣೆ, ಪ್ರಾಚೀನ ಅರಸರ ಸಂಗ್ರಹ ಇತಿಹಾಸ. ಪ್ರಾಚೀನ ದಖ್ಖನಿನ ಭೂಪಟವೊಂದಕ್ಕೆ ಇದು ಪರಾಮರ್ಶನ ಗ್ರಂಥವೆಂದು ಶೀರ್ಷಿಕೆ ಪುಟವೇ ಸಾರುತ್ತದೆ. ನಕ್ಷೆಯ ಜೊತೆ ಅದನ್ನು ಬಿಡಿಸಿ ಹೇಳುವ ಪುಸ್ತಕ ಕೊಡುವ ಕ್ರಮಕ್ಕೆ ಜೇಮ್ಸ್ ರೆನೆಲ್‌ನ ಹಿಂದುಸ್ಥಾನದ ಭೂಪಟ ಮತ್ತು ಅದರ ವಿವರಣಾ ಗ್ರಂಥ (1783) ದಾರಿ ತೋರಿಸಿತ್ತು. ರಾಮಸ್ವಾಮಿ ಆ ಚೌಕಟ್ಟಿನೊಳಗೆ ಸ್ಥಳಪುರಾಣ, ಕೈಫಿಯತ್ತುಗಳ ಪರಂಪರೆಯನ್ನು ತಂದನೆಂದು ನಾನು ತಿಳಿಯುತ್ತೇನೆ.

ಇದರ ಮಹತ್ವ ಸಮಕಾಲೀನ ಅಟ್ಲಾಸಿನ ಪಕ್ಕದಲ್ಲಿಟ್ಟರೆ ತಿಳಿಯುತ್ತದೆ. ಲಂಡನ್ನಿನ ಏರನ್ ಆರೋಸ್ಮಿತ್ 1822ರಲ್ಲಿ ದಕ್ಷಿಣ ಭಾರತದ ಅಟ್ಲಾಸನ್ನು 18 ಹಾಳೆಗಳಲ್ಲಿ ಪ್ರಕಟಿಸಿದ. ಅದರ ಹರವು ಕನ್ಯಾಕುಮಾರಿಯಿಂದ ಕೃಷ್ಣಾ ನದಿಯವರೆಗೆ ಎಂದು ಶೀರ್ಷಿಕೆಯೇ ಹೇಳುತ್ತದೆ. ಸರ್ವೆ ಎಲ್ಲಿಯವರೆಗೆ ಮುಗಿದಿತ್ತೋ ದೇಶವೂ ಅಲ್ಲಿಗೆ ನಿಂತಂತಾಯಿತು. ರಾಯನ ದಂಡು ದಾಟಿದ ಹೊಳೆಯೇ ಇಲ್ಲಿ ಮೇರೆ. ಸಿಂಹಾಚಲಂ ಅದರ ಆಚೆಗೆ ಉಳಿಯಿತು. ರಾಮಸ್ವಾಮಿ ಹಿಡಿದ ಎಲ್ಲೆ ಬೇರೆ ತೆರನದು: ಪ್ರಾಚೀನ ದಖ್ಖನ್ ಮತ್ತು ಅದರ ಅರಸರ ಚರಿತ್ರೆಯೇ ಅವನ ಚೌಕಟ್ಟು. ಅಳತೆಯ ನಿಖರತೆಯಲ್ಲಿ ಆರೋಸ್ಮಿತ್ ಮೇಲು, ಅನುಮಾನವಿಲ್ಲ. ಆದರೆ ಒಂದು ಊರು ಏಕೆ ನೆನಪಿನಲ್ಲಿ ಉಳಿಯಿತು ಎಂಬ ಪ್ರಶ್ನೆಗೆ ಅವನ ಹಾಳೆಗಳಲ್ಲಿ ಉತ್ತರವಿಲ್ಲ.

ಅಳತೆಯ ಕೆಲಸ ಆಮೇಲೆಯೂ ಮುಂದುವರಿಯಿತು. ಮಹಾ ತ್ರಿಕೋನಮಿತಿ ಸರ್ವೆಯ ಆಧಾರರೇಖೆಗಳನ್ನು ಬೀದರಿನಲ್ಲಿ 1841ರಲ್ಲಿ, ವಿಶಾಖಪಟ್ಟಣದಲ್ಲಿ 1862ರಲ್ಲಿ, ಬೆಂಗಳೂರಿನಲ್ಲಿ 1868ರಲ್ಲಿ ಅಳೆದರು. ಸ್ಥಳೀಯ ವಿದ್ವಾಂಸರ ಪಾಲಿಗೆ ಮಾತ್ರ ಬಾಗಿಲು ಮುಚ್ಚಿತ್ತು. ಮೆಕೆಂಜಿ 1821ರಲ್ಲಿ ತೀರಿಕೊಂಡ ಮೇಲೆ ಸಂಗ್ರಹದ ಕೆಲಸ ಮುಂದುವರಿಸಲು ಲಕ್ಷ್ಮಯ್ಯ ಅನುಮತಿ ಕೇಳಿದ್ದ; ಜೇಮ್ಸ್ ಪ್ರಿನ್ಸೆಪ್ ಕಾರ್ಯದರ್ಶಿಯಾಗಿದ್ದ ಏಷಿಯಾಟಿಕ್ ಸೊಸೈಟಿ ಅವನನ್ನು ಅದಕ್ಕೆ ತಕ್ಕವನೆಂದು ಒಪ್ಪಲಿಲ್ಲ. ಇಪ್ಪತ್ತೈದು ವರ್ಷ ಆ ಕೆಲಸವನ್ನೇ ಉಸಿರಾಗಿಸಿಕೊಂಡಿದ್ದ ವಿದ್ವಾಂಸನಿಗೆ ಇದು ಅನ್ಯಾಯವೇ ಸರಿ. ತಮ್ಮನ ಪುಸ್ತಕ ಅದಕ್ಕೆ ಮುಂಚೆಯೇ ಅಚ್ಚಾಗಿ, ಈ ಮನೆತನದ ಭೂಗೋಳ ವಿದ್ವತ್ತಿಗೆ ಸಾಕ್ಷಿಯಾಗಿ ಉಳಿದಿದೆ.

ಎಂ. ಎಂ. ಕಲಬುರ್ಗಿಯವರು ಸಂಪಾದಿಸಿದ ‘ಕರ್ನಾಟಕದ ಕೈಫಿಯತ್ತುಗಳು’ ಈಗ ಕನ್ನಡ ಓದುಗರ ಕೈಯಲ್ಲಿದೆ. ಅದನ್ನೂ ರಾಮಸ್ವಾಮಿಯ 1828ರ ಪುಸ್ತಕವನ್ನೂ ಎದುರುಬದುರು ಇಟ್ಟು, ಕರ್ನಾಟಕದ ಒಂದೊಂದು ಊರಿನ ವಿವರ ಕೈಫಿಯತ್ತಿನಿಂದ ಪುಸ್ತಕಕ್ಕೆ ಹೇಗೆ ಸಾಗಿತು, ಏನು ಉಳಿಯಿತು, ಏನು ಬಿಟ್ಟುಹೋಯಿತು ಎಂಬುದನ್ನು ಸಾಲುಸಾಲಾಗಿ ಹೋಲಿಸಬೇಕು. ಕನ್ನಡ, ತೆಲುಗು ಎರಡನ್ನೂ ಬಲ್ಲ ತರುಣ ಸಂಶೋಧಕರು ಈ ಕೆಲಸಕ್ಕೆ ಕೈಹಾಕಲಿ.