ಜೋಡಿ ಷಾಕ್‌ಗಳ ಯುಗ
1924ರಲ್ಲಿ ಇಂಗ್ಲೆಂಡಿನ ಕ್ಯಾಂಬರ್ಲಿಯ ಬಯಲುದಿಬ್ಬಗಳಲ್ಲಿ ಜನ್ಮತಳೆದ ಸ್ಕ್ರ್ಯಾಂಬಲ್ ಎಂಬ ಬೈಕ್ ಪಂದ್ಯವು, ಯುದ್ಧಾನಂತರದ ಯೂರೋಪಿನಲ್ಲಿ ಮೋಟೋಕ್ರಾಸ್ ಎಂಬ ಅಭಿಧಾನವನ್ನು ಪಡೆದು, 1957ರಲ್ಲಿ ವಿಶ್ವಚಾಂಪಿಯನ್‌ಷಿಪ್ಪಿನ ಗೌರವವನ್ನೂ ಗಳಿಸಿತು. ಗುರುಭಾರದ ಬ್ರಿಟಿಷ್ ಫೋರ್‌ಸ್ಟ್ರೋಕ್ ಯಂತ್ರಗಳನ್ನು ಹಗುರವಾದ ಟೂಸ್ಟ್ರೋಕ್ ಬೈಕುಗಳು ಹಿಂದಿಕ್ಕಿದ್ದು ಮುಂದಿನ ದಶಕದ ವೃತ್ತಾಂತ. ಚೆಕೊಸ್ಲೊವಾಕಿಯದ ಸೀಜೆಡ್ ಬೈಕನ್ನೇರಿ ಪೌಲ್ ಫ್ರೀಡ್ರಿಕ್ಸನು 1966ರಿಂದ 1968ರವರೆಗೆ 500 ಸಿಸಿ ಕಿರೀಟವನ್ನು ನಿರಂತರವಾಗಿ ಧರಿಸಿದನು. ಹಿಂಚಕ್ರದ ಇಕ್ಕೆಲಗಳಲ್ಲಿ ಒಂದೊಂದು ಷಾಕ್ ಅಬ್ಸಾರ್ಬರನ್ನು ಹೊತ್ತು, ಸುಮಾರು 4 ಅಂಗುಲಗಳಷ್ಟೇ ಮೇಲೆಕೆಳಗೆ ಆಡುತ್ತಿದ್ದ ಆ ವಾಹನಗಳಲ್ಲಿ, ಉಳಿದ ಆಘಾತವನ್ನೆಲ್ಲ ಸವಾರರ ಮೊಣಕಾಲುಗಳೇ ಸಹಿಸಬೇಕಾಗಿತ್ತು ಎಂಬುದನ್ನು ನೆನೆದಾಗ ಅವರ ಶೌರ್ಯದ ಬಗ್ಗೆ ನನಗೆ ಗೌರವ ಇಮ್ಮಡಿಸುತ್ತದೆ. ಬೆಲ್ಜಿಯಂನ ಲೂಸಿಯೆನ್ ಟಿಲ್ಕೆನ್ಸ್ ಕಲ್ಪಿಸಿದ ಏಕಷಾಕ್ ವಿನ್ಯಾಸದ ಯಮಹಾದಲ್ಲಿ ಹೋಕನ್ ಆಂಡರ್ಸನ್ 1973ರ 250 ಸಿಸಿ ವಿಶ್ವವಿಜೇತನಾದ ಮೇಲೆ, ಆ ಯುಗವು ಕ್ರಮೇಣ ಅಸ್ತಮಿಸಿತು.

ಇಂದು ಕ್ಲಾಸಿಕ್ ಪಂದ್ಯಗಳಿಗಾಗಿ ಅಂತಹ ಬೈಕನ್ನು ಪುನರ್ನಿರ್ಮಿಸುವವನು, ಚಾಸಿಸ್ಸನ್ನು ಬರಿದಾಗಿಸಿ, ಬೆಸುಗೆಯ ಬಿರುಕುಗಳನ್ನು ಶೋಧಿಸಿ, ಸವೆದ ಬುಷ್‌ಗಳನ್ನೂ ಕ್ರ್ಯಾಂಕಿನ ಬೇರಿಂಗುಗಳನ್ನೂ ಬದಲಿಸಿ, ಅನಂತರವೇ ಅಲಂಕಾರಕ್ಕೆ ಕೈಹಾಕತಕ್ಕದ್ದು. ಅಮೆರಿಕದ ವಿಂಟೇಜ್ ನಿಯಮಗಳು ಹಿಂಚಕ್ರದ ಚಲನೆಯನ್ನು 4 ಅಂಗುಲಗಳಿಗೇ ಮಿತಗೊಳಿಸಿರುವುದು ಸರ್ವಥಾ ಉಚಿತ. ಆ ಮಿತಿಯನ್ನು ಮೀರಿದ ಯಂತ್ರವು ಎಷ್ಟೇ ವೇಗವಾಗಿ ಓಡಲಿ, ಅದು ಆ ಕಾಲದ ಬೈಕಲ್ಲ.